ಕೊನೆಯ ಆಡು ಹೇಳಿದ್ದು

ನಮ್ಮ ಅತ್ತೆ ಕಾದಂಬರಿ ಬರೆದರು. ಬರೆಯಲಿ, ಬೇಡ ಅನ್ನಲು ನಾನ್ಯಾರು? ಶಿಶುವಿಹಾರದಲ್ಲಿ ಆಯಾ ಆಗಿ ಊರಿನ ಅರ್ಧ ಮಕ್ಕಳ ಮೂಗು ಒರೆಸಿ ನಿವೃತ್ತರಾದವರು, ಇನ್ನು ಕಿಟಕಿ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಾರೆ ಅಂದುಕೊಂಡಿದ್ದೆ. ಅವರು ಹೆಣೆದದ್ದು ಕಾದಂಬರಿ. ಅದೂ ಎಂಥದ್ದು? ಮೇಲಿನವರು ಓದಿದರೆ ಅವರಿಗೆ ಅನ್ನ ಅರಗದಂಥದ್ದು. ಅದು ಸಾಲದು ಅಂತ, ಅಚ್ಚಿಗೆ ತಂದು ಕೊಟ್ಟದ್ದು ನಾನು ಕರಡು ತಿದ್ದುವ ಪ್ರಕಾಶನಕ್ಕೇ.

ಪ್ರಕಾಶನದ ಯಜಮಾನರು ಹಸ್ತಪ್ರತಿಯನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲೆ ಇಟ್ಟರು. "ನಿಮ್ಮ ಅತ್ತೆ ತಾನೇ? ಒಪ್ಪಿಗೆ ಕಚೇರಿಗೆ ನೀವೇ ಕರ್ಕೊಂಡು ಹೋಗಿ. ವಿವರಣೆ ಕೇಳಿದ್ರೆ ನೀವೇ ಕೊಡಿ" ಅಂದರು. ನಾನು ಹೂಂ ಅಂದೆ. ಹೂಂ ಅನ್ನುವುದು ನನ್ನ ಹುಟ್ಟುಗುಣ. ಯಜಮಾನರಿಗೆ ಹೂಂ, ಗಂಡನಿಗೆ ಹೂಂ, ತರಕಾರಿಯವಳು ಬಾಡಿದ ಸೊಪ್ಪನ್ನು ತಾಜಾ ಅಂದರೂ ಹೂಂ. ಜಗಳ ಆಡುವಷ್ಟು ಹೊತ್ತಿನಲ್ಲಿ ಇನ್ನೊಂದು ಕೆಲಸ ಮುಗಿಯುತ್ತದೆ ಅನ್ನುವುದು ನನ್ನ ವಾದ.

ಕಾದಂಬರಿಯಲ್ಲಿ ಒಂದು ನಗರ. ಅಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಧ್ವನಿವರ್ಧಕ. ಸಂಜೆಯಾದರೆ ಅದು ಕಥೆ ಹೇಳುತ್ತದೆ, ಒಂದೊಂದು ವಾಕ್ಯಕ್ಕೂ ಮನೆಯವರೆಲ್ಲ ಹೂಂಗುಟ್ಟಬೇಕು. ಹೂಂಗುಟ್ಟದ ಮನೆಗೆ ಮರುದಿನ ನೀರು ಬರುವುದಿಲ್ಲ. ಕಥೆ ಕೇಳುತ್ತ ಕೇಳುತ್ತ ನಗರವೆಲ್ಲ ನಿದ್ದೆ ಹೋಗುತ್ತದೆ, ನಿದ್ದೆಯಲ್ಲೂ ಹೂಂ ಅನ್ನುತ್ತದೆ. ಕೊನೆಗೆ ಊರಿಗೆ ಊರೇ ಸಾಲಾಗಿ ನಿಂತು, ಸೇತುವೆ ದಾಟಿ, ಹೊಸ ನಗರಕ್ಕೆ ಹೊರಡುತ್ತದೆ. ಅಲ್ಲಿ ಧ್ವನಿವರ್ಧಕ ಕಕ್ಕಸಿನಲ್ಲೂ ಇದೆ. ದೀಪ ರಿಪೇರಿ ಮಾಡುವ ಒಬ್ಬ ಹೆಂಗಸು ಮಾತ್ರ ಸೇತುವೆಯ ಹತ್ತಿರ ಬಂದು ನಿಂತುಬಿಡುತ್ತಾಳೆ.

ನಿಂತಳು, ಸರಿ. ಆದರೆ ನಿಂತವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಹೇಳುವ ಬದಲು ಅಲ್ಲಿಗೆ ಒಂದು ಆಡು ಬರುತ್ತದೆ. ಒಂದು ಕಿವಿ ಹರಿದ, ಕೊರಳಿಗೆ ಗಂಟೆ ಕಟ್ಟಿದ ಆಡು. ಅದು ಎಲ್ಲಿಂದ ಬಂತು, ಯಾಕೆ ಬಂತು, ಒಂದಕ್ಷರ ಇಲ್ಲ.

"ಅತ್ತೆ, ಈ ಆಡು ಯಾಕೆ?" ಅಂತ ಅಡುಗೆಮನೆಯಲ್ಲಿ ಕೇಳಿದೆ. ಅವರು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಈ ಊರಲ್ಲಿ ಎಲ್ಲರಿಗೂ ಗೊತ್ತು ಬಿಡು."

"ನಂಗೆ ಗೊತ್ತಿಲ್ಲವಲ್ಲ?"

"ನೀನು ಬೇರೆ ಊರಿನವಳು. ಪಾಪ" ಅಂದರು. ಆ "ಪಾಪ" ನನ್ನ ಮೈ ಉರಿಸಿತು.

ಗಂಡನನ್ನು ಕೇಳಿದೆ. ಅವನು ಮುಖಕ್ಕೆ ಸೋಪು ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದ. ಅದು ಶಿಶುವಿಹಾರದಲ್ಲಿ ಮಧ್ಯಾಹ್ನ ಮಲಗಿಸುವಾಗ ಹೇಳುವ ಕಥೆಯಂತೆ. ಒಂದು ಆಡು ಸೇತುವೆ ದಾಟಿತು, ಮಕ್ಕಳು ಹೂಂ ಅನ್ನಬೇಕು. ಇನ್ನೊಂದು ಆಡು ದಾಟಿತು, ಹೂಂ. ಮತ್ತೊಂದು, ಹೂಂ. ಹೂಂ ಅನ್ನುತ್ತ ಅನ್ನುತ್ತ ಮಕ್ಕಳು ನಿದ್ದೆ ಹೋಗಬೇಕು. ಆದರೆ ಕಡೆಗೆ ಕಿವಿ ಹರಿದ ಆಡೊಂದು ಬಂದು ಸೇತುವೆಯ ಮುಂದೆ ನಿಲ್ಲುತ್ತದೆ. ಇಷ್ಟು ಹೇಳಿದವನೇ ನನ್ನ ಗಂಡ, ಸಾರಿಗೆ ಇಲಾಖೆಯ ಗುಮಾಸ್ತ, ಸೋಪಿನ ಬ್ರಷ್ಷು ಮೇಲೆತ್ತಿ ಮೂರು ವರ್ಷದ ಮಗುವಿನ ದನಿಯಲ್ಲಿ ಕಿರುಚಿದ: "ನಾ ಬರಲ್ಲ! ಬೇಕಿದ್ರೆ ಸೇತುವೇನೇ ಬರ್ಲಿ!"

ಇದು ಆಡಿನ ಮಾತು. ಇಲ್ಲಿಗೆ ಬರುವಷ್ಟರಲ್ಲಿ ಮಲಗಿದ್ದ ಮಕ್ಕಳೆಲ್ಲ ಎದ್ದು ಕೂತು ಒಟ್ಟಿಗೆ ಕೂಗುತ್ತಿದ್ದರಂತೆ. ಮಲಗಿಸುವ ಕಥೆ ಅಂದರೆ ಹೀಗಿರಬೇಕು ನೋಡಿ.

ನಾನು ಮತ್ತೆ ಅಡುಗೆಮನೆಗೆ ಹೋದೆ. "ಅತ್ತೆ, ಇಷ್ಟೆಲ್ಲ ಸುತ್ತು ಬಳಸಿ ಯಾಕೆ? ಆ ಹೆಂಗಸಿನ ಬಾಯಲ್ಲಿ 'ನಾನು ಬರಲ್ಲ' ಅಂತ ನೇರವಾಗಿ ಹೇಳಿಸಿ. ಗೊತ್ತಿಲ್ಲದವರಿಗೂ ಅರ್ಥ ಆಗತ್ತೆ."

"ನೇರ ಹೇಳಿದ್ರೆ ಅದು ನನ್ನ ಮಾತು ಆಗತ್ತೆ ಕಣೇ. ಅದನ್ನ ಹಿಡ್ಕೊಂಡು ಹೊಡೆದು ಹಾಕಬಹುದು. ಓದೋರಿಗೆ ಅವರ ಕಥೇನೇ ನೆನಪು ಮಾಡಿಕೊಟ್ರೆ, ಹೇಳೋರು ಅವರು. ಅವರ ತಲೇಲಿ ಇರೋದನ್ನ ಯಾವ ಕಚೇರಿ ಹೊಡೆದು ಹಾಕತ್ತೆ?"

"ಯಾರಿಗೂ ನೆನಪಾಗ್ಲಿಲ್ಲ ಅಂದ್ರೆ?"

"ಆಗ ಅದು ಬರೀ ಆಡು. ಆಡು ಬಂದ್ರೆ ಏನು ನಷ್ಟ?"

"ಆ ಹರಿದ ಕಿವಿನಾದ್ರೂ ತೆಗೀರಿ."

"ಕಿವಿ ಮುಟ್ಟಬೇಡ" ಅಂದರು. ಅಷ್ಟು ಗಡಸು ದನಿ ನಾನು ಅವರಲ್ಲಿ ಕೇಳಿರಲಿಲ್ಲ. ಸಿಪ್ಪೆಯ ಚಾಕು ಬೇರೆ ಕೈಯಲ್ಲಿತ್ತು, ನಾನು ಹೂಂ ಅಂದೆ.

ಒಪ್ಪಿಗೆ ಕಚೇರಿಯ ಕ್ರಮ ಹೀಗಿದೆ. ಒಬ್ಬನೇ ಕೂತು ಓದಿದರೆ ಪುಟ ಹಾರಿಸಿ ಮನೆಗೆ ಹೋಗುತ್ತಾನೆ ಅಂತ, ಅಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಗಟ್ಟಿಯಾಗಿ ಓದುವವರು, ಇನ್ನೊಬ್ಬರು ಕೇಳುವವರು. ಕೇಳುವವರೇ ಹಿರಿಯ ಅಧಿಕಾರಿ. ಅವರ ಮುಂದೆ ಒಂದು ಕೈಗಂಟೆ. ತಕರಾರಿನ ವಾಕ್ಯ ಬಂದರೆ ಗಂಟೆ ಹೊಡೆಯುತ್ತಾರೆ. ಮೂರು ಗಂಟೆ ಬಿದ್ದರೆ ಹಸ್ತಪ್ರತಿ ನೆಲಮಾಳಿಗೆಯ ಅರೆಯುವ ಯಂತ್ರಕ್ಕೆ. ಬೇರೆ ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ, ಇರುವುದನ್ನೇ ತರಬೇಕು. ಬರೆದವರು ಕೋಣೆಯಲ್ಲಿ ಇರಬಹುದು, ಬಾಯಿ ಬಿಡಬಾರದು. ಅವರ ಪರವಾಗಿ ಮಾತಾಡಲು ಪ್ರಕಾಶನದ ಪ್ರತಿನಿಧಿ, ಅಂದರೆ ನಾನು. ಕೋಣೆಯಲ್ಲಿ ಪುಸ್ತಕದ ಹೊರಗಿನ ಯಾವ ಮಾತು ಬಂದರೂ ಯಾರು ಆಡಿದರು ಅಂತ ಸಹಿತ ಟೈಪು ಮಾಡಿಕೊಳ್ಳುತ್ತಾರೆ. ಹಸ್ತಪ್ರತಿ ಬಿದ್ದುಹೋದರೆ ಆ ಹಾಳೆಯನ್ನು ಮೇಲಿನವರು ಓದುತ್ತಾರೆ, ಒಪ್ಪಿಗೆಯಾದರೆ ಅದು ಕಪಾಟಿಗೆ. ಟೈಪು ಮಾಡಲು ಒಬ್ಬ ಟೈಪಿಸ್ಟ್. ಆಕೆಗೆ ಅವತ್ತು ಜೋರು ನೆಗಡಿ.

ಓದುವವರು ಸಣಕಲು, ದನಿ ಮಾತ್ರ ರೇಡಿಯೋದ್ದು. ಕೇಳುವವರು ಆಮೇಲೆ ಒಳಗೆ ಬಂದರು. ದಪ್ಪ ಮನುಷ್ಯ, ತಲೆಯಲ್ಲಿ ಒಂದೂ ಕೂದಲಿಲ್ಲ. ಕುರ್ಚಿ ಎಳೆದು ಕೂತು ಗಂಟೆಯನ್ನು ಕೈಗೆ ಹತ್ತಿರ ಜರುಗಿಸಿಕೊಂಡರು. ಆಗ ನಾನು ಅವರ ಎಡಗಿವಿ ನೋಡಿದೆ. ಕೆಳಗಿನ ಹಾಲೆ ಹರಿದಿತ್ತು.

ಆಯಿತು, ಮುಗಿಯಿತು ಕಥೆ. ಕಿವಿ ಹರಿದ ಅಧಿಕಾರಿಯ ಮುಂದೆ ಕಿವಿ ಹರಿದ ಆಡು! ಬೇಕಂತಲೇ ಅಣಕಿಸಿದ್ದಾರೆ ಅಂದುಕೊಳ್ಳದೆ ಇರುತ್ತಾರೆಯೇ? ತಿರುಗಿ ಅತ್ತೆಯನ್ನು ನೋಡಿದೆ. ಅವರೂ ಆ ಕಿವಿಯನ್ನೇ ನೋಡುತ್ತಿದ್ದರು, ರೆಪ್ಪೆ ಮಿಟುಕಿಸದೆ. ತೊಡೆಯ ಮೇಲಿದ್ದ ಕೈಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಈಗ ಹೆದರಿ ಏನು ಪ್ರಯೋಜನ ಅಂತ ಒಳಗೊಳಗೇ ಬೈದುಕೊಂಡೆ.

ಓದು ಶುರುವಾಯಿತು. ಮೊದಲ ಗಂಟೆ ಸಾರಿನ ಮಾತಿಗೆ ಬಿತ್ತು. ನಗರದ ಸಾರ್ವಜನಿಕ ಊಟದ ಮನೆಯಲ್ಲಿ ಸಾರು ನೀರು ನೀರಾಗಿತ್ತು ಅಂತ ಅತ್ತೆ ಬರೆದಿದ್ದರು.

"ನೀರು ನೀರು ಅಂದ್ರೆ ಏನಮ್ಮ ಅರ್ಥ?" ಕೇಳುವವರು ನನ್ನನ್ನು ಕೇಳಿದರು.

"ನೀರು ಅಂದ್ರೆ ಸಮೃದ್ಧಿ ಸಾರ್. ಆ ನಗರದಲ್ಲಿ ನೀರಿಗೆ ಬರ ಇಲ್ಲ ಅನ್ನೋದು ಭಾವ."

"ಹಾಗಾದ್ರೆ ಹೂಂಗುಟ್ಟದ ಮನೆಗೆ ನೀರು ಬರಲ್ಲ ಅಂತ ಇದೆಯಲ್ಲ?"

"ಅದಕ್ಕೇ ಸಾರ್ ಸಾರಿನಲ್ಲಿ ಉಳಿದಿದ್ದು."

ಟೈಪಿಸ್ಟ್ ಮೂಗು ಎಳೆದುಕೊಂಡು ಅದನ್ನೂ ಟೈಪು ಮಾಡಿದರು. ವಿವರಣೆ ಕೇಳುವುದು ಬರೀ ಮರ್ಯಾದೆಗೆ. ಬಿದ್ದ ಗಂಟೆ ಬಿದ್ದದ್ದೇ.

ಎರಡನೆಯದು ಕಾಗೆಗೆ. ನಾಯಕಿಯ ಬೀದಿಯಲ್ಲಿ ಧ್ವನಿವರ್ಧಕದ ಮೇಲೆ ದಿನಾ ಬೆಳಿಗ್ಗೆ ಒಂದು ಕಾಗೆ ಕೂತು ಹೇತು ಹೋಗುತ್ತದೆ. ಓದುವವರು ಆ ವಾಕ್ಯವನ್ನು ವಾರ್ತೆಯ ಗಾಂಭೀರ್ಯದಲ್ಲಿ ಓದಿದರು. ನಾನು ಪಕ್ಷಿಗಳಿಗೂ ಸರ್ಕಾರಿ ಆಸ್ತಿಯ ಮೇಲಿರುವ ಆತ್ಮೀಯತೆ ಅಂತೇನೋ ಬಡಬಡಿಸಿದೆ. ಕೇಳುವವರು ಪೂರ್ತಿ ಕೇಳಲೂ ಇಲ್ಲ, ಗಂಟೆ ಹೊಡೆದರು. ಇನ್ನೊಂದು ಬಿದ್ದರೆ ಅತ್ತೆಯ ಅಷ್ಟು ವರ್ಷದ ಬರವಣಿಗೆ ರದ್ದಿ ಹಿಟ್ಟು. ನನಗೆ ಕೋಪ ಬಂತು. ಗಂಟೆಯ ಮೇಲಲ್ಲ, ಅತ್ತೆಯ ಮೇಲೆ. ಆ ಕಾಗೆಗೆ ಹೇಲಲು ಬೇರೆ ಜಾಗ ಇರಲಿಲ್ಲವೇ?

ಮಧ್ಯಾಹ್ನ ದಾಟಿತು. ಕೇಳುವವರ ಕಣ್ಣು ಎಳೆಯುತ್ತಿತ್ತು. ಕಡೆಯ ಅಧ್ಯಾಯದ ಹೊತ್ತಿಗೆ ಅವರ ಗಲ್ಲ ಎದೆಗೆ ತಾಗಿತ್ತು. ಓದುವವರ ದನಿಯೂ ಸಾಲಿನ ಜೊತೆ ನಡೆಯುವ ಹಾಗೆ ಏಕತಾನವಾಗಿತ್ತು. ಒಬ್ಬರು ಸೇತುವೆ ದಾಟಿದರು. ಇನ್ನೊಬ್ಬರು ದಾಟಿದರು. ಮತ್ತೊಬ್ಬರು ದಾಟಿದರು. ಅತ್ತೆ ಒಂದಿಡೀ ಪುಟ ಹೀಗೇ ಬರೆದಿದ್ದರು. ಇದು ಬೇಜಾರು, ಕತ್ತರಿಸಿ ಅಂತ ನಾನು ಅಂಚಿನಲ್ಲಿ ಬರೆದದ್ದೂ ಹೊಡೆದು ಹಾಕಿದ್ದರು. ಈಗ ನೋಡುತ್ತೇನೆ, ಒಂದೊಂದು ವಾಕ್ಯಕ್ಕೂ ಕೇಳುವವರು, ಅರೆನಿದ್ದೆಯಲ್ಲಿ, ಮೆಲ್ಲಗೆ ಹೂಂಗುಟ್ಟುತ್ತಿದ್ದಾರೆ.

ಟೈಪಿಸ್ಟ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಹೂಂ, ಹೂಂ ಅಂತ ಟೈಪು ಮಾಡತೊಡಗಿದರು.

ಓದುವವರು ಓದಿದರು: "ಆಗ ಸಾಲಿನ ಪಕ್ಕಕ್ಕೆ ಒಂದು ಆಡು ಬಂದಿತು. ಅದರ ಒಂದು ಕಿವಿ ಹರಿದಿತ್ತು."

ಕೇಳುವವರ ಕಣ್ಣು ತೆರೆಯಿತು. ಎಡಗೈ ತಾನಾಗಿ ಕಿವಿಗೆ ಹೋಯಿತು. ಬಲಗೈ ಗಂಟೆಯ ಹಿಡಿಯ ಮೇಲೆ ಕೂತಿತು.

"ಅದರ ಕೊರಳ ಗಂಟೆ ಅಲುಗಿತು. ಅವಳು ಸೇತುವೆಯನ್ನು ನೋಡಿದಳು. ಕಾಲು ಎತ್ತಿದಳು. ಅದೇ ಜಾಗದಲ್ಲಿ ಇಟ್ಟಳು."

ಓದುವವರು ಉಸಿರು ಎಳೆಯಲು ನಿಂತರು. ಆ ಸಣ್ಣ ಸಂದಿನಲ್ಲಿ, ಕೋಣೆಯ ನಡುವೆ, ತೆಳ್ಳನೆಯ ಎಳೆ ದನಿಯೊಂದು ಬಂತು.

"ನಾ ಬರಲ್ಲ! ಬೇಕಿದ್ರೆ ಹಾಸಿಗೇನೇ ಬರ್ಲಿ!"

ಆ ದನಿ ಅಷ್ಟು ದಪ್ಪ ಮನುಷ್ಯನ ಗಂಟಲಿನಿಂದ ಬಂದದ್ದು ಅಂತ ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೂ ಬೇಕಾಯಿತು. ಅತ್ತೆಯ ಕೈಚೀಲ ನೆಲಕ್ಕೆ ಬಿದ್ದು ಬೀಗದ ಕೈ, ಕನ್ನಡಕದ ಡಬ್ಬಿ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಅವರು ಎತ್ತಿಕೊಳ್ಳಲೂ ಇಲ್ಲ.

"ಸೇತುವೇನೇ ಸಾರ್" ಅಂದರು ಓದುವವರು.

"ಏನು?"

"ಹಾಸಿಗೆ ಅಲ್ಲ ಸಾರ್. 'ನಾ ಬರಲ್ಲ, ಬೇಕಿದ್ರೆ ಸೇತುವೇನೇ ಬರ್ಲಿ.' ನಾವು ಶಿಶುವಿಹಾರದಲ್ಲಿ ಹಾಗೇ ಹೇಳ್ತಿದ್ದಿದ್ದು."

"ನಂಗೆ ಹಾಸಿಗೆ ಅಂತಾನೇ ನೆನಪು."

"ಆಡಿಗೆ ಹಾಸಿಗೆ ಎಲ್ಲಿಂದ ಬರತ್ತೆ ಸಾರ್? ನನ್ನ ಮಗಳೂ ಸೇತುವೆ ಅಂತಾನೇ ಹೇಳೋದು. ಬೇಕಿದ್ರೆ ಯಾರನ್ನಾದ್ರೂ ಕೇಳಿ."

"ಸೇತುವೇನೇ ಸಾರ್" ಅಂದರು ಟೈಪಿಸ್ಟ್, ಟೈಪು ಮಾಡುತ್ತಲೇ.

ಇಬ್ಬರು ಗಂಡಸರು, ಊರಿನ ಪುಸ್ತಕಗಳ ಪ್ರಾಣ ಕೈಯಲ್ಲಿ ಇಟ್ಟುಕೊಂಡವರು, ಆಡು ಏನಂದಿತು ಅಂತ ಕಿತ್ತಾಡುತ್ತಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಹೇಳಿದ್ದು ಆಗ ನನ್ನ ಮೊದ್ದು ತಲೆಗೆ ಹೊಕ್ಕಿತು. ಪುಸ್ತಕದಲ್ಲಿ ಆ ಮಾತೇ ಇಲ್ಲ. ಆ ಹೆಂಗಸು ಕಾಲು ಎತ್ತಿ ಇಟ್ಟದ್ದು ಅಷ್ಟೇ. ಬರುವುದಿಲ್ಲ ಅಂದವರು ಇವರು, ತಮ್ಮ ಬಾಯಾರೆ. ಆ ಮಾತು ಬರೆದಿದ್ದರೆ ಮೂರನೆಯ ಗಂಟೆ ಬಿದ್ದು ಅಲ್ಲಿಗೇ ಮುಗಿದುಹೋಗುತ್ತಿತ್ತು.

ಅಷ್ಟರಲ್ಲಿ ಕೇಳುವವರಿಗೆ ತಾವು ಎಲ್ಲಿದ್ದೇವೆ ಅನ್ನುವುದು ನೆನಪಾಯಿತು. ಬೋಳುತಲೆಯವರೆಗೂ ಕೆಂಪಾದರು.

"ಅದನ್ನೆಲ್ಲ ಹೊಡೆದು ಹಾಕಿ" ಅಂದರು ಟೈಪಿಸ್ಟ್‌ಗೆ.

"ಹೊಡೆದು ಹಾಕೋಕೆ ಮೇಲಿನವರ ಸಹಿ ಬೇಕು ಸಾರ್. ಏನು ಮಾತು, ಯಾಕೆ ಆಡಿದ್ರಿ ಅಂತ ಕೇಳ್ತಾರೆ."

ಓದುವವರು ಬುದ್ಧಿವಂತರು. ಕುರ್ಚಿ ಮುಂದಕ್ಕೆ ಎಳೆದುಕೊಂಡು ನನ್ನ ಕಡೆ ಬಾಗಿದರು. "ನೋಡಿ ಅಮ್ಮ, ಯಾರಿಗೂ ತೊಂದರೆ ಬೇಡ. ಒಂದೇ ಒಂದು ತಿದ್ದುಪಡಿ. 'ಅದೇ ಜಾಗದಲ್ಲಿ ಇಟ್ಟಳು' ಅನ್ನೋ ಕಡೆ 'ಸೇತುವೆಯ ಮೇಲೆ ಇಟ್ಟಳು' ಅಂತ ಮಾಡೋಣ. ಅವಳು ದಾಟಿದ್ಲು ಅಂದ್ಮೇಲೆ ಈ ತಮಾಷೆಗೂ ಅರ್ಥ ಇರಲ್ಲ. ಈಗಲೇ ಮೊಹರು ಹಾಕಿ ಕೊಡ್ತೀವಿ. ನೀವು ಹೂಂ ಅಂದ್ರೆ ಸಾಕು."

ಇಂಥ ಸುಲಭದ ಹೂಂ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಒಂದು ಮಾತು ಬದಲಾದರೆ ಇಡೀ ಪುಸ್ತಕ ಉಳಿಯುತ್ತದೆ. ಯಜಮಾನರು ಬೆನ್ನು ತಟ್ಟುತ್ತಾರೆ, ನಾನು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತೇನೆ. ಅತ್ತೆ ಏನು ಹೇಳುತ್ತಾರೆ ಅಂತ ತಿರುಗಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಈಗಲೂ ಆ ಕಿವಿಯ ಮೇಲೇ ಕಣ್ಣು. ಆ ಕಣ್ಣು ತುಂಬಿತ್ತು. ಅವರು ಅತ್ತದ್ದನ್ನು ನಾನು ಮಾವ ಹೋದಾಗಲೂ ನೋಡಿರಲಿಲ್ಲ.

"ಉಹೂಂ" ಅಂದೆ.

ಅಂದದ್ದು ನಾನೇ, ಹೂಂ ಅನ್ನುವ ಹುಟ್ಟುಗುಣದವಳು.

"ಅಂದ್ರೆ?" ಅಂದರು ಕೇಳುವವರು, ಗಂಟೆ ಎತ್ತಿ ಹಿಡಿದು.

"ಅಂದ್ರೆ ಬದಲಾಯಿಸಲ್ಲ ಸಾರ್. ಗಂಟೆ ಹೊಡೀಬೇಕು ಅಂದ್ರೆ ಹೊಡೀರಿ. ಆದ್ರೆ ಯಾವ ವಾಕ್ಯಕ್ಕೆ ಹೊಡೆದಿದ್ದು ಅಂತ ಬರೆಸಬೇಕಲ್ಲ? ಪುಸ್ತಕದಲ್ಲಿ ಒಬ್ಬ ಹೆಂಗಸು ಕಾಲು ಎತ್ತಿ ಇಟ್ಟಿದ್ದಾಳೆ. ಒಂದು ಆಡು ಬಂದಿದೆ. ಅಷ್ಟೇ. ಬರಲ್ಲ ಅಂದೋರು ನೀವು. ಸರಿಯಾಗಿ ಹೇಳಿ ಅಂತ ತಿದ್ದಿದೋರು ಇವರು. ಎರಡನ್ನೂ ಆ ಅಮ್ಮ ಟೈಪು ಮಾಡಿದ್ದಾರೆ. ಅದಕ್ಕೆ ವಿವರಣೆ ನಾನು ಕೊಡೋಕಾಗಲ್ಲ."

ಟೈಪಿಸ್ಟ್ ಸೀನಿದರು. ಕೇಳುವವರು ಗಂಟೆಯನ್ನು ಹಿಡಿದೇ ಇದ್ದರು, ಅದರ ನಾಲಿಗೆಗೆ ಇನ್ನೊಂದು ಕೈಯ ಬೆರಳು ಒತ್ತಿ, ಸದ್ದಾಗದ ಹಾಗೆ. ಆಮೇಲೆ ಮೇಜಿನ ಖಾನೆ ಎಳೆದು ಅದನ್ನು ಒಳಗಿಟ್ಟರು. ಮೊಹರು ತೆಗೆದು ಹಸ್ತಪ್ರತಿಯ ಮೊದಲ ಪುಟಕ್ಕೆ ಮೇಜು ಅದುರುವ ಹಾಗೆ ಗುದ್ದಿದರು. ಸಿಟ್ಟು ಮೊಹರಿನ ಮೇಲೆ ತೀರಿತು.

ಟೈಪಿಸ್ಟ್ ಹಾಳೆ ಎಳೆದು ಕವರಿಗೆ ಹಾಕಿ ಮಷೀನಿಗೆ ಹೊದಿಕೆ ಹಾಕಿದರು. ಅಲ್ಲಿಗೆ ದಾಖಲೆಯ ಲೆಕ್ಕದಲ್ಲಿ ಸಭೆ ಮುಗಿದಂತೆ. ನಾವು ಬಾಗಿಲಿಗೆ ಹೋದಾಗ ಕೇಳುವವರು ಹಿಂದಿನಿಂದ ಕರೆದರು. ಕರೆದದ್ದು ಅತ್ತೆಯನ್ನು.

"ಅಮ್ಮ, ಆ ಆಡು ಆಮೇಲೆ ಏನಾಯ್ತು? ಯಾರೂ ಹೇಳಲೇ ಇಲ್ಲವಲ್ಲ."

ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಬರೆದವರು ಇಲ್ಲಿ ಮಾತಾಡುವ ಹಾಗಿಲ್ಲ ಅಂತ ಸನ್ನೆ ಮಾಡಿದರು. ಆಮೇಲೆ, ಹೊರಟವರು ವಾಪಸು ಹೋಗಿ, ಮಡಚಿಕೊಂಡಿದ್ದ ಅವರ ಅಂಗಿಯ ಕಾಲರನ್ನು ಸರಿಮಾಡಿ ಬಂದರು. ಅಷ್ಟು ದೊಡ್ಡ ಅಧಿಕಾರಿ ಕತ್ತು ಎತ್ತಿ ಸುಮ್ಮನೆ ಮಾಡಿಸಿಕೊಂಡರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ನಾನು ಬಾಯಿ ಬಿಟ್ಟೆ. "ಅತ್ತೆ, ನೀವು ಗೆದ್ರಿ. ಆಡಿನ ವಿಷಯದಲ್ಲಿ ನಾನು ದಡ್ಡಿ, ಒಪ್ಪಿದೆ. ಆದ್ರೆ ಆ ಮನುಷ್ಯ ಯಾಕೆ ಹಾಸಿಗೆ ಅಂದ್ರು? ಊರಿಗೆಲ್ಲ ಸೇತುವೆ ಅಂತ ನೆನಪಿದ್ರೆ ಅವರಿಗೊಬ್ಬರಿಗೆ ಹಾಸಿಗೆ ಹೇಗೆ?"

ಅತ್ತೆ ಹಸ್ತಪ್ರತಿಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ದಾರ ಬಿಗಿದರು.

"ಮೊದಲು ಆ ಕಥೇಲಿ ಎಲ್ಲಾ ಆಡೂ ದಾಟ್ತಿದ್ವು. ನಮಗೆ ಹಾಗೇ ಹೇಳಿಕೊಟ್ಟಿದ್ದು, ಹಾಗೇ ಹೇಳ್ತಿದ್ದೆ. ಕಿವಿ ಹರಿದ ಆಡು ಇರಲೇ ಇಲ್ಲ" ಅಂದರು. "ಒಂದು ಮಧ್ಯಾಹ್ನ ಎಲ್ಲಾ ಮಕ್ಕಳೂ ಸಾಲಾಗಿ ಮಲಗೋ ಕೋಣೆಗೆ ಹೋದ್ರು. ಒಬ್ಬ ಮಾತ್ರ ಬಾಗಿಲ ಚಿಲಕ ಹಿಡ್ಕೊಂಡು ನಿಂತುಬಿಟ್ಟ. ಇಷ್ಟುದ್ದ ಇದ್ದ. ಮೇಲ್ವಿಚಾರಕಿ ಬಾ ಅಂದ್ರೆ, 'ನಾ ಬರಲ್ಲ, ಬೇಕಿದ್ರೆ ಹಾಸಿಗೇನೇ ಬರ್ಲಿ' ಅಂದ. ನಾನು ನಕ್ಕುಬಿಟ್ಟೆ. ಅವಳು ಎಳೆದ್ಲು. ಅವನು ಚಿಲಕ ಬಿಡಲಿಲ್ಲ. ಕಿವಿ ಚಿಲಕಕ್ಕೆ ಸಿಕ್ಕಿಕೊಳ್ತು."

ನನ್ನ ಕೈ ತಾನಾಗಿ ನನ್ನ ಕಿವಿಗೆ ಹೋಯಿತು.

"ಕಿವಿಗೆ ಪಟ್ಟಿ ಕಟ್ಟಿಸ್ಕೊಂಡು ಬಂದ. ಮಾರನೇ ದಿನದಿಂದ ಸಾಲಲ್ಲಿ ಎಲ್ಲರಿಗಿಂತ ಮುಂದೆ ನಿಲ್ತಿದ್ದ. ಕರೆಯೋಕೆ ಮುಂಚೆ ಹೋಗಿ ಮಲಗ್ತಿದ್ದ. ಆಡು ಬರೋ ಹೊತ್ತಿಗೆ ಎಲ್ಲಾ ಮಕ್ಕಳೂ ಎದ್ದು ಕೂಗಿದ್ರೆ, ಅವನೊಬ್ಬ ಕಣ್ಣು ಮುಚ್ಚಿಕೊಂಡೇ ಇರ್ತಿದ್ದ. ಆ ಮಾತು ಅವನ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಎಲ್ಲಾದ್ರೂ ಒಂದು ಕಡೆ ಉಳೀಲಿ ಅಂತ ನಾನು ಆಡಿನ ಬಾಯಿಗೆ ಹಾಕಿದ್ದು. ಆಡಿಗೆ ಹಾಸಿಗೆ ಯಾಕೆ ಅಂತ ಸೇತುವೆ ಮಾಡಿದೆ."

"ಆ ಆಡು ಅವರೇ ಅಂತ ಅವರಿಗೆ ಹೇಳಬೇಕಿತ್ತಲ್ಲ ಅತ್ತೆ!"

"ನಿನಗೇನು ತಲೆ ಕೆಟ್ಟಿದೆಯಾ? ಕೊಟ್ಟ ಮೊಹರು ವಾಪಸ್ ಕಿತ್ಕೊಂಡ್ರೆ?" ಅಂತ ನನ್ನನ್ನು ಗದರಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಬಸ್ಸು ಬಂತು, ಜನ ಸಾಲು ಕಟ್ಟಿದರು, ನಾವು ಏಳಲಿಲ್ಲ. ಅತ್ತೆ ಕಚೇರಿಯ ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

"ಅಷ್ಟು ದಪ್ಪ ಆಗಿದಾನೆ, ಕೂದಲೆಲ್ಲ ಹೋಗಿದೆ, ಕೈಗೆ ಗಂಟೆ ಬೇರೆ ಕೊಟ್ಟಿದಾರೆ" ಅಂದರು. "ಆದ್ರೂ ಮರೆತಿಲ್ಲ ನೋಡೇ, ನನ್ನ ಕಂದ."